ಓದುಗರ ಪ್ರಶ್ನೆ: ಮದರ್‌ಬೋರ್ಡ್ ಕೊಳ್ಳುವ ಮುಂಚೆ ಏನೇನು ಎಣಿಸಬೇಕು?

ಈ ಸಲದ ಟಪಾಲಿನಲ್ಲಿ ಮದರ್‌ಬೋರ್ಡ್ ಪ್ರಶ್ನೆಗಳೇ ಜಾಸ್ತಿ. ಖುಷಿಯಾಯಿತು. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಅವನ್ನೆಲ್ಲ ಹಿಡಿದಿಡುವ ಬೋರ್ಡನ್ನು ಮಾತ್ರ ಅಂಗಡಿಯವರ ಇಷ್ಟಕ್ಕೆ ಬಿಡುತ್ತಾರೆ. ರ‍್ಯಾಮ್ ಆಮೇಲೆ ಹಾಕಬಹುದು, ಡಿಸ್ಕ್ ಆಮೇಲೆ ಹಾಕಬಹುದು. ಬೋರ್ಡಿನಲ್ಲಿ ಇಲ್ಲದ ಸ್ಲಾಟನ್ನು ಆಮೇಲೆ ತಂದು ಕೂರಿಸಲು ಆಗುವುದಿಲ್ಲ. ಅದಕ್ಕೇ ಈ ಸಂಚಿಕೆ ಪೂರ್ತಿ ಬೋರ್ಡಿಗೆ ಮೀಸಲು. ಕೆಲವು ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನವನಗರದಲ್ಲಿ ನನ್ನದು ಚಿಕ್ಕ ಸ್ಟುಡಿಯೋ. ಮದುವೆ ಫೋಟೊ, ವಿಡಿಯೊ, ಆಲ್ಬಂ ಡಿಸೈನ್ ಮಾಡುತ್ತೇವೆ. ಹೊಸ ಪಿಸಿಗೆ ಕೊಟೇಶನ್ ತಂದಿದ್ದೇನೆ: ಐ5-13400, ಎಚ್610 ಬೋರ್ಡ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ಹಳೇ ಪಿಸಿಯ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಮೂರು ಹಾರ್ಡ್‌ಡಿಸ್ಕ್ ಇದಕ್ಕೇ ಹಾಕಬೇಕು. ದೀಪಾವಳಿ ಹೊತ್ತಿಗೆ ಗ್ರಾಫಿಕ್ಸ್ ಕಾರ್ಡ್ ತಗೊಳ್ಳುವ ಯೋಚನೆ ಇದೆ. ಅಂಗಡಿಯವರು ‘ಎಲ್ಲಾ ಪೋರ್ಟ್ ಇದಾವೆ, ಚಿಂತೆ ಬಿಡ್ರಿ’ ಅಂದರು. ಈ ಬೋರ್ಡ್ ಸಾಕಾ?
— ಸ್ಟುಡಿಯೋ ಮಾಲೀಕರು, ಬಾಗಲಕೋಟೆ

ಉತ್ತರ: ಇವತ್ತಿನ ಮಟ್ಟಿಗೆ ಸಾಕು, ತಮ್ಮಾ. ದೀಪಾವಳಿಗೆ ಸಾಲುವುದಿಲ್ಲ.

ಮೊದಲು ಒಂದು ಹಾಳೆ ತಗೊಂಡು, ಈ ಪಿಸಿಗೆ ಏನೇನು ಚುಚ್ಚುತ್ತೀರಿ ಅಂತ ಬರೆಯಿರಿ. ನಿಮ್ಮ ಪತ್ರ ಓದಿ ನಾನೇ ಬರೆದುಕೊಂಡೆ. ಒಳಗೆ: ಎರಡು ರ‍್ಯಾಮ್, ಒಂದು ಎನ್‌ವಿಎಂಇ, ಮೂರು ಹಾರ್ಡ್‌ಡಿಸ್ಕ್, ಒಂದು ಗ್ರಾಫಿಕ್ಸ್ ಕಾರ್ಡ್. ಹೊರಗೆ: ಕೀಬೋರ್ಡ್, ಮೌಸ್, ಫೋಟೊ ಪ್ರಿಂಟರ್, ಆಲ್ಬಂ ಸಾಫ್ಟ್‌ವೇರಿನ ಡಾಂಗಲ್, ಕಾರ್ಡ್ ರೀಡರ್, ಗಿರಾಕಿಗೆ ಕೊಡುವ ಪೆನ್‌ಡ್ರೈವ್, ಬ್ಯಾಕಪ್ ಡಿಸ್ಕ್. ಡಿಸೈನ್ ಮಾಡುವ ಹುಡುಗ ಪೆನ್ ಟ್ಯಾಬ್ಲೆಟ್ ಬಳಸುತ್ತಿದ್ದರೆ ಅದೊಂದು. ಬೋರ್ಡಿನ ಡಬ್ಬಿ ಮೇಲಿನ ದೊಡ್ಡ ಅಕ್ಷರ ಓದುವ ಮುಂಚೆ ಈ ಹಾಳೆ ಕೈಯಲ್ಲಿರಲಿ.

ಈಗ ರ‍್ಯಾಮ್ ನೋಡಿ. ಎಚ್610 ಚಿಪ್‌ಸೆಟ್‌ನಲ್ಲಿ, ಅಂದರೆ ಬೋರ್ಡಿನ ಪೋರ್ಟುಗಳನ್ನು ನಡೆಸುವ ಚಿಪ್ಪಿನಲ್ಲಿ, ರ‍್ಯಾಮಿಗೆ ಹೋಗುವ ಎರಡು ಚಾನೆಲ್ (ದಾರಿ) ಪೈಕಿ ಒಂದೊಂದಕ್ಕೆ ಒಂದೇ ರ‍್ಯಾಮ್. ಅಂದರೆ ಬೋರ್ಡ್ ಯಾವ ಕಂಪನಿಯದ್ದಾದರೂ ಸ್ಲಾಟ್ ಎರಡೇ. ನಿಮ್ಮ ಹಳೇ 8 ಜಿಬಿಯ ಎರಡು ಕೂತರೆ ಜಾಗ ತುಂಬಿತು. ನಾಳೆ 32 ಜಿಬಿ ಬೇಕು ಅನ್ನಿಸಿದರೆ ಎರಡನ್ನೂ ತೆಗೆದು ಹೊಸದು ಹಾಕಬೇಕು. 4ಕೆ ವಿಡಿಯೊ ಎಡಿಟ್ ಮಾಡುವವರಿಗೆ ಈ ‘ನಾಳೆ’ ಬಹಳ ಬೇಗ ಬರುತ್ತದೆ. ಇನ್ನೊಂದು ಮಾತು. ಈ ಪ್ರೊಸೆಸರಿಗೆ ಡಿಡಿಆರ್4 ಬೋರ್ಡೂ ಸಿಗುತ್ತದೆ, ಡಿಡಿಆರ್5 ಬೋರ್ಡೂ ಸಿಗುತ್ತದೆ. ಕೊಟೇಶನ್ನಿನಲ್ಲಿ ಯಾವುದು ಅಂತ ಬರೆದೇ ಇಲ್ಲ. ಎರಡರ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಒಂದರದ್ದು ಇನ್ನೊಂದಕ್ಕೆ ಹಿಡಿಸುವುದಿಲ್ಲ. ಹಳೇ ರ‍್ಯಾಮ್ ಉಳಿಸಿಕೊಳ್ಳಬೇಕು ಅಂತಿದ್ದರೆ ಇದನ್ನು ಬರವಣಿಗೆಯಲ್ಲಿ ಪಡೆಯಿರಿ.

ಡಿಸ್ಕ್ ವಿಷಯ ಸ್ವಲ್ಪ ನಿಧಾನವಾಗಿ ಓದಿ. ನಿಮ್ಮ ಪ್ರೊಸೆಸರಿನಿಂದ ಒಟ್ಟು 20 ಪಿಸಿಐಇ ಲೇನ್, ಅಂದರೆ ಡೇಟಾ ಓಡುವ ದಾರಿಗಳು, ಹೊರಡುತ್ತವೆ. 16 ಗ್ರಾಫಿಕ್ಸ್ ಸ್ಲಾಟಿಗೆ, 4 ಎಂ.2 ಎಸ್‌ಎಸ್‌ಡಿಗೆ (ಎಂ.2 ಅಂದರೆ ಡಿಸ್ಕ್ ಬೋರ್ಡಿನ ಮೇಲೆಯೇ ಚಪ್ಪಟೆಯಾಗಿ ಕೂರುವ ಸ್ಲಾಟ್, ನಿಮ್ಮ ಎನ್‌ವಿಎಂಇ ಅಲ್ಲಿಗೇ). ಎಚ್610 ಬೋರ್ಡಿನಲ್ಲಿ ಆ ಕೊನೆಯ 4 ಬಂದ್ ಆಗಿರುತ್ತವೆ. ಎಸ್‌ಎಸ್‌ಡಿಗೆ ದಾರಿ ಚಿಪ್‌ಸೆಟ್ ಮೂಲಕ, ಅದೂ ಜೆನ್ 3 (ಪಿಸಿಐಇಯ ಮೂರನೇ ತಲೆಮಾರು) ವೇಗದಲ್ಲಿ. ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಜೆನ್ 3ರಲ್ಲಿ ಒಂದು ಲೇನ್‌ಗೆ ಸೆಕೆಂಡಿಗೆ ಸುಮಾರು 1 ಜಿಬಿ. ನಾಲ್ಕು ಲೇನ್ ಇದ್ದರೆ ಎಡಿಟಿಂಗ್‌ಗೆ ಧಾರಾಳ. ತಲೆ ಕೆಡಿಸಿಕೊಳ್ಳಬೇಕಾದದ್ದು ಎಷ್ಟು ಎಂ.2 ಸ್ಲಾಟ್ ಇವೆ, ಅವು ಯಾರ ಪಾಲನ್ನು ತಿನ್ನುತ್ತವೆ ಅನ್ನುವುದಕ್ಕೆ.

ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟೂ ಒಂದು ಸಾಟಾ ಪೋರ್ಟೂ (ಹಾರ್ಡ್‌ಡಿಸ್ಕಿನ ಕೇಬಲ್ ಚುಚ್ಚುವ ಜಾಗ) ಒಂದೇ ಲೇನ್ ಹಂಚಿಕೊಳ್ಳುತ್ತವೆ. ನಿಮ್ಮ ಕಡೆಯ ಕಾಲುವೆ ಲೆಕ್ಕವೇ ಇದು. ಮೇಲಿನ ಗೇಟ್ ತೆಗೆದರೆ ಕೆಳಗಿನ ಹೊಲಕ್ಕೆ ನೀರಿಲ್ಲ. ಡಬ್ಬಿ ಮೇಲೆ ‘4 ಸಾಟಾ, 2 ಎಂ.2’ ಅಂತಲೇ ಬರೆದಿರುತ್ತದೆ, ಸುಳ್ಳೂ ಅಲ್ಲ. ಎರಡನೇ ಎಂ.2 ಸ್ಲಾಟಿಗೆ ಡಿಸ್ಕ್ ಹಾಕಿದ ದಿನ ಒಂದು ಹಾರ್ಡ್‌ಡಿಸ್ಕ್ ಕಾಣೆಯಾಗುತ್ತದೆ. ಆಗ ಜನ ಡಿಸ್ಕ್ ಹೋಯಿತು ಅಂತ ಹೆದರಿ ಓಡಿ ಬರುತ್ತಾರೆ. ಮೂರು ವರ್ಷದ ಮದುವೆ ಫೋಟೊ ಇರುವ ಡಿಸ್ಕ್ ಕಾಣದಿದ್ದರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ, ಅಲ್ವಾ? ಈ ಹಂಚಿಕೆಯ ಮಾತು ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಮ್ಯಾನ್ಯುಯಲ್ ಕಂಪನಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ದುಡ್ಡು ಕೊಡುವ ಮುಂಚೆಯೇ ಇಳಿಸಿಕೊಂಡು ‘ಸ್ಟೋರೇಜ್’ ಅನ್ನುವ ಭಾಗ, ಅದರ ಕೆಳಗಿನ ಟಿಪ್ಪಣಿ ಓದಿ. ಒಂದೇ ಹೆಸರಿನ ಬೋರ್ಡ್ ಬೇರೆ ಬೇರೆ ರಿವಿಷನ್‌ನಲ್ಲಿ ಬರುವುದುಂಟು. ರಿವಿಷನ್ ನಂಬರ್ ಬೋರ್ಡಿನ ಮೂಲೆಯಲ್ಲೇ ಅಚ್ಚಾಗಿರುತ್ತದೆ. ಅದಕ್ಕೆ ಹೊಂದುವ ಮ್ಯಾನ್ಯುಯಲ್ಲನ್ನೇ ನೋಡಿ.

ಗ್ರಾಫಿಕ್ಸ್ ಕಾರ್ಡ್ ಬಂದಾಗ ಏನಾಗುತ್ತದೆ? ಈಗಿನ ಕಾರ್ಡುಗಳು ದಪ್ಪ. ಎರಡು, ಎರಡೂವರೆ ಸ್ಲಾಟಿನ ಜಾಗ ಹಿಡಿಯುತ್ತವೆ. ಚಿಕ್ಕ ಬೋರ್ಡಿನಲ್ಲಿ ಕಾರ್ಡ್ ಕೂತ ಮೇಲೆ ಅದರ ಕೆಳಗಿನ ಎಕ್ಸ್1 (ಒಂದೇ ಲೇನಿನ ಚಿಕ್ಕ) ಸ್ಲಾಟ್ ಇದ್ದೂ ಇಲ್ಲದಂತೆ. ಉದ್ದದ ಕಾರ್ಡಾದರೆ ಇನ್ನೊಂದು ತೊಂದರೆ ಇದೆ. ಸಾಟಾ ಪೋರ್ಟುಗಳು ಮೇಲ್ಮುಖವಾಗಿ ನಿಂತಿದ್ದು ಕಾರ್ಡಿನ ದಾರಿಯಲ್ಲೇ ಇದ್ದರೆ ಕೇಬಲ್ ಮಡಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಬೋರ್ಡಿನ ಬಲ ಅಂಚಿನಲ್ಲಿ ಪಕ್ಕಕ್ಕೆ ಮುಖ ಮಾಡಿದ ಸಾಟಾ ಪೋರ್ಟ್ ಇರುವುದನ್ನು ನಾನು ಯಾವಾಗಲೂ ಆರಿಸುತ್ತೇನೆ. ಫೋಟೊ ನೋಡಿದರೇ ಗೊತ್ತಾಗುತ್ತದೆ. ಸ್ಲಾಟಿನಿಂದ ಕಾರ್ಡಿಗೆ ಸಿಗುವ ಕರೆಂಟ್ ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಡುವ ಕಾರ್ಡಿಗೆ ಪವರ್ ಸಪ್ಲೈಯಿಂದ ಬೇರೆ ಕೇಬಲ್ ಬೇಕು. ಅದರಲ್ಲೂ ‘ಸಿಪಿಯು’ ಅಂತ ಬರೆದ 8 ಪಿನ್ ಬೇರೆ, ‘ಪಿಸಿಐಇ’ ಅಂತ ಬರೆದ 8 ಪಿನ್ ಬೇರೆ. ಒತ್ತಿ ಕೂರಿಸಲು ಹೋಗಬೇಡಿ.

ಇನ್ನು ಯಾರೂ ಕೇಳದ, ನಿಮಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ: ಕ್ಯಾಬಿನೆಟ್ ಮುಂದಿನ ಯುಎಸ್‌ಬಿ. ಮದುವೆ ಮುಗಿಸಿ ರಾತ್ರಿ ಬಂದು ಕಾರ್ಡ್ ಖಾಲಿ ಮಾಡುತ್ತೀರಿ. ರೀಡರ್ ಯುಎಸ್‌ಬಿ 2.0 ಪೋರ್ಟಿನಲ್ಲಿ ಇದ್ದರೆ ಸೆಕೆಂಡಿಗೆ 35–40 ಎಂಬಿ ಬಂದರೆ ಹೆಚ್ಚು. 64 ಜಿಬಿ ಕಾರ್ಡ್ ಖಾಲಿಯಾಗಲು ಅರ್ಧ ಗಂಟೆ ಹತ್ತಿರ. ಅದೇ ಕಾರ್ಡ್ 5 ಜಿಬಿಪಿಎಸ್ ಯುಎಸ್‌ಬಿ ಪೋರ್ಟಿನಲ್ಲಿ ಸೆಕೆಂಡಿಗೆ 90 ಎಂಬಿ ಕೊಟ್ಟರೂ 12 ನಿಮಿಷ. ಮೂರು ಕ್ಯಾಮೆರಾ, ಆರು ಕಾರ್ಡ್ ಅಂದಾಗ ಲೆಕ್ಕ ಹಾಕಿ. ಎಸ್‌ಎಸ್‌ಡಿ ಜೆನ್ 3 ಆದರೇನು, ಜೆನ್ 4 ಆದರೇನು, ನಿಮ್ಮ ರಾತ್ರಿ ಉಳಿಸುವುದು ಈ ಪೋರ್ಟ್.

ಇದಕ್ಕೆ ಬೋರ್ಡಿನ ಮೇಲೆ 19 ಪಿನ್ನಿನ ಯುಎಸ್‌ಬಿ 3 ಹೆಡರ್, ಅಂದರೆ ಕ್ಯಾಬಿನೆಟ್ಟಿನ ಕೇಬಲ್ ಚುಚ್ಚುವ ಪಿನ್ನುಗಳ ಗುಂಪು, ಇರಬೇಕು. ಕ್ಯಾಬಿನೆಟ್ ಮುಂದೆ ಟೈಪ್-ಸಿ ಇದ್ದರೆ ಅದಕ್ಕೆ ಬೇರೆಯೇ ಹೆಡರ್ ಇದೆ, ಚಿಕ್ಕದು, ಲೋಹದ ಕವಚದ್ದು. ಬೋರ್ಡಿನಲ್ಲಿ ಅದಿಲ್ಲದಿದ್ದರೆ ಕ್ಯಾಬಿನೆಟ್ಟಿನ ಟೈಪ್-ಸಿ ಬರೀ ಅಲಂಕಾರ. 19 ಪಿನ್ನಿನ ಹೆಡರ್ ಬಗ್ಗೆ ಒಂದು ಎಚ್ಚರಿಕೆ. ತಿಲಕವಾಡಿಯ ನಮ್ಮ ಅಂಗಡಿಗೆ ಬರುವ ಬೋರ್ಡುಗಳಲ್ಲಿ ಅತಿ ಹೆಚ್ಚು ಗಾಯವಾಗಿರುವುದು ಇಲ್ಲೇ. ಪಿನ್ನುಗಳು ಸೂಜಿಯಷ್ಟು ತೆಳು, ಕೇಬಲ್ ಮಾತ್ರ ದಪ್ಪ, ಬಿರುಸು. ಓರೆಯಾಗಿ ಎಳೆದರೆ ಪ್ಲಾಸ್ಟಿಕ್ ಗೋಡೆಯೇ ಕೇಬಲ್ ಜೊತೆ ಕಿತ್ತು ಬರುತ್ತದೆ, ಒಳಗೆ ಪಿನ್ನುಗಳು ಬೋಳಾಗಿ ನಿಲ್ಲುತ್ತವೆ. ಒಂದು ಪಿನ್ ಬಾಗಿದರೆ ಪಕ್ಕದ್ದಕ್ಕೆ ತಾಗಿ ಪಿಸಿ ಆನ್ ಆಗದೇ ಇರಬಹುದು. ಒಂದು ಕೈಯಿಂದ ಹೆಡರ್ ಹಿಡಿದು, ಇನ್ನೊಂದರಿಂದ ಕೇಬಲ್ ನೇರ ಮೇಲೆತ್ತಬೇಕು.

ಹಿಂಭಾಗದ ಪೋರ್ಟುಗಳನ್ನೂ ಎಣಿಸಿ. ಕಡಿಮೆ ಬೆಲೆಯ ಹಲವು ಬೋರ್ಡುಗಳ ಹಿಂದೆ ಯುಎಸ್‌ಬಿ ಆರು, ಅದರಲ್ಲಿ ನಾಲ್ಕು 2.0. ನಿಮ್ಮ ಹಾಳೆಯಲ್ಲಿ ಏಳೆಂಟು ಇದಾವೆ. ಕೀಬೋರ್ಡ್, ಮೌಸ್, ಡಾಂಗಲ್, ಪ್ರಿಂಟರ್ 2.0ರಲ್ಲಿ ಇರಲಿ, ಬ್ಯಾಕಪ್ ಡಿಸ್ಕಿಗೆ ವೇಗದ್ದು ಉಳಿಸಿಕೊಳ್ಳಿ.

ನನ್ನ ಸಲಹೆ: ಬಿ760 ಚಿಪ್‌ಸೆಟ್‌ನ ಡಿಡಿಆರ್4 ಬೋರ್ಡ್. ಅದರಲ್ಲಿ ರ‍್ಯಾಮ್ ಸ್ಲಾಟ್ ನಾಲ್ಕು, ಎಂ.2 ಎರಡು, ಸಾಟಾ ನಾಲ್ಕು, ಮುಂದಿನ ಯುಎಸ್‌ಬಿ 3 ಹೆಡರ್ ಇರಲಿ. ಪ್ರೊಸೆಸರ್ ಸುತ್ತಲಿನ ಪವರ್ ಭಾಗದ ಮೇಲೆ ಹೀಟ್‌ಸಿಂಕ್ ಕೂತಿರಲಿ. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಮೂರು ತಾಸು ವಿಡಿಯೊ ರೆಂಡರ್ ಆಗುವಾಗ ಅದು ಬೇಕೇ ಬೇಕು. ದುಡ್ಡು ಒಂದಿಷ್ಟು ಜಾಸ್ತಿ ಆಗುತ್ತದೆ. ಬಜೆಟ್ ಬಿಗಿ ಇದ್ದರೆ ಎಸ್‌ಎಸ್‌ಡಿ ಚಿಕ್ಕದು ತಗೊಳ್ಳಿ, ಅದನ್ನು ಆಮೇಲೆ ಸೇರಿಸಬಹುದು. ಬೋರ್ಡಿನಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ.

ಪ್ರಶ್ನೆ: ನಮ್ಮ ವರ್ಕ್‌ಶಾಪಿನಲ್ಲಿ ಎರಡು ಹಳೇ ಸಿಎನ್‌ಸಿ ಯಂತ್ರಗಳಿವೆ. ಪ್ರೋಗ್ರಾಂ ಕಳಿಸುವುದು 9 ಪಿನ್ನಿನ ಸೀರಿಯಲ್ ಕೇಬಲ್‌ನಿಂದ. ಪಿಸಿ ಸುಟ್ಟುಹೋಯಿತು. ಈಗಿನ ಬೋರ್ಡುಗಳ ಹಿಂದೆ ಆ ಪೋರ್ಟೇ ಇಲ್ಲ. ಯುಎಸ್‌ಬಿ ಕನ್ವರ್ಟರ್ ಹಾಕಿದರೆ ಒಮ್ಮೊಮ್ಮೆ ಪ್ರೋಗ್ರಾಂ ಮಧ್ಯದಲ್ಲೇ ನಿಲ್ಲುತ್ತದೆ. ಹಳೇ ಪಿಸಿಯ ಸೀರಿಯಲ್ ಕಾರ್ಡ್ ಇದೆ, ಅದೂ ಹೊಸ ಬೋರ್ಡಿಗೆ ಹಿಡಿಸುತ್ತಿಲ್ಲ. ಏನು ಮಾಡಲಿ ಮೇಡಂ?
— ಉದ್ಯಮಬಾಗ, ಬೆಳಗಾವಿ

ಉತ್ತರ: ಸರ್, ಬೆಳಗಾವಿಯ ಫೌಂಡ್ರಿ, ಮಷೀನ್‌ಶಾಪ್‌ಗಳಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ಯಂತ್ರ ಇನ್ನೂ ಹತ್ತು ವರ್ಷ ಓಡುತ್ತದೆ, ಪಿಸಿ ಓಡಲ್ಲ. ಹಾಗಾಗಿ ಬೋರ್ಡನ್ನು ಯಂತ್ರಕ್ಕೆ ಹೊಂದಿಸಿ ಆರಿಸಬೇಕು.

ನಿಮ್ಮ ಹಳೇ ಕಾರ್ಡ್ ಪಿಸಿಐ ಕಾಲದ್ದು. ಈಗಿನದು ಪಿಸಿಐಇ. ಹೆಸರು ಹತ್ತಿರ, ಸ್ಲಾಟ್ ಬೇರೆ. ಅದನ್ನು ಬಿಟ್ಟುಬಿಡಿ.

ಹಿಂದೆ ಪೋರ್ಟ್ ಇಲ್ಲದಿದ್ದರೂ ಬೋರ್ಡಿನ ಒಳಗೆ ಇರಬಹುದು. ಕೆಳಗಿನ ಅಂಚಿನಲ್ಲಿ ‘ಕಾಮ್’ ಅಂತ ಅಚ್ಚಾಗಿರುವ ಎರಡು ಸಾಲಿನ ಪಿನ್ನುಗಳನ್ನು ಹುಡುಕಿ. ಹತ್ತು ಪಿನ್ನಿನ ಜಾಗ, ಹತ್ತನೆಯದು ಇರುವುದಿಲ್ಲ. ಅದರ ಆಸುಪಾಸಿನಲ್ಲೇ ಯುಎಸ್‌ಬಿ 2.0 ಹೆಡರ್ ಇರುತ್ತದೆ, ಅದೂ ಒಂಬತ್ತು ಪಿನ್ನಿನದೇ. ಅಲ್ಲಿ ಇಲ್ಲದಿರುವುದು ಒಂಬತ್ತನೆಯ ಪಿನ್. ಆಡಿಯೊ ಹೆಡರಿನಲ್ಲಿ ಎಂಟನೆಯದು. ಮಂದ ಬೆಳಕಿನಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಸೀರಿಯಲ್ ಹೆಡರಿನಲ್ಲಿ 12 ವೋಲ್ಟ್ ತನಕ ಓಡಾಡುತ್ತದೆ, ಯುಎಸ್‌ಬಿ ತಡೆಯುವುದು 5. ಟಾರ್ಚ್ ಹಾಕಿ ಹೆಸರು ಓದಿಯೇ ಕೇಬಲ್ ಚುಚ್ಚಿ.

ಕಾಮ್ ಹೆಡರಿನಿಂದ ಹಿಂದಕ್ಕೆ ತರುವ ಪಟ್ಟಿ ಕೇಬಲ್ ಬ್ರಾಕೆಟ್ ಸಮೇತ ಸಿಗುತ್ತದೆ. ಆದರೆ ಇದರಲ್ಲಿ ಎರಡು ಬಗೆಯ ತಂತಿ ಜೋಡಣೆ ಇದೆ. ಹೊರಗಿಂದ ನೋಡಿದರೆ ತಿಳಿಯುವುದಿಲ್ಲ. ತಪ್ಪು ಬಗೆಯದ್ದು ಹಾಕಿದರೆ ವಿಂಡೋಸ್ ಪೋರ್ಟ್ ತೋರಿಸುತ್ತದೆ, ಯಂತ್ರ ಮಾತ್ರ ಸುಮ್ನೆ ಕೂರುತ್ತದೆ. ಮ್ಯಾನ್ಯುಯಲ್‌ನಲ್ಲಿ ಯಾವ ಪಿನ್ ಯಾವುದು ಅಂತ ಚಿತ್ರ ಇರುತ್ತದೆ. ಮಲ್ಟಿಮೀಟರ್‌ನಲ್ಲಿ 9 ಪಿನ್ನಿನ ತುದಿಯ 2, 3, 5 ಸರಿಯಾದ ಜಾಗಕ್ಕೆ ಹೋಗಿವೆಯಾ ಅಂತ ಬೀಪ್ ಮಾಡಿ ನೋಡಿ. 2 ಬರುವ ಡೇಟಾ, 3 ಹೋಗುವ ಡೇಟಾ, 5 ಗ್ರೌಂಡ್.

ಹೆಡರ್ ಇಲ್ಲದ ಬೋರ್ಡಾದರೆ ಪಿಸಿಐಇ ಎಕ್ಸ್1 ಸೀರಿಯಲ್ ಕಾರ್ಡ್ ತಗೊಳ್ಳಿ. ಎರಡು ಪೋರ್ಟಿನದು ಸಿಗುತ್ತದೆ, ನಿಮ್ಮ ಎರಡೂ ಯಂತ್ರಕ್ಕೆ ಆಯಿತು. ಹಾಗಂದರೆ ಬೋರ್ಡಿನಲ್ಲಿ ಒಂದು ಖಾಲಿ ಎಕ್ಸ್1 ಸ್ಲಾಟ್ ಬೇಕು. ಮಿನಿ ಐಟಿಎಕ್ಸ್ ಬೋರ್ಡ್ ಬೇಡ, ಅದರಲ್ಲಿ ಇರುವುದೇ ಒಂದು ಸ್ಲಾಟ್. ಮೈಕ್ರೊ ಎಟಿಎಕ್ಸ್ ಸಾಕು. 244 ಮಿ.ಮೀ. ಚೌಕ, ನಾಲ್ಕು ಸ್ಲಾಟಿನ ತನಕ ಜಾಗ.

ಯುಎಸ್‌ಬಿ ಕನ್ವರ್ಟರ್ ಮಧ್ಯದಲ್ಲಿ ನಿಲ್ಲುವುದಕ್ಕೆ ನಾನು ಕಂಡ ಕಾರಣ ಎರಡು. ಒಂದು, ಪವರ್ ಉಳಿಸಲು ವಿಂಡೋಸ್ ಆ ಯುಎಸ್‌ಬಿ ಪೋರ್ಟನ್ನು ಮಲಗಿಸುವುದು. ಡಿವೈಸ್ ಮ್ಯಾನೇಜರಿನಲ್ಲಿ ಅದನ್ನು ಬಂದ್ ಮಾಡಬಹುದು. ಇನ್ನೊಂದು, ಯಂತ್ರದ ಅರ್ಥಿಂಗ್, ಪಿಸಿಯ ಅರ್ಥಿಂಗ್ ಬೇರೆ ಬೇರೆ ಇರುವುದು. ವೆಲ್ಡಿಂಗ್ ಶುರುವಾದಾಗಲೇ ನಿಲ್ಲುತ್ತಿದ್ದರೆ ಇದೇ ಕಾರಣ ಇರಬಹುದು. ನಿಮ್ಮ ಪಿಸಿ ಸುಟ್ಟದ್ದಕ್ಕೂ ಇದೇ ಕಾರಣ ಇದ್ದೀತು. ಹೊಸ ಬೋರ್ಡ್ ಕೂರಿಸುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಅಳೆಸಿ, ಸೀರಿಯಲ್ ಲೈನಿಗೆ ಐಸೊಲೇಟರ್ (ಎರಡು ಕಡೆಯ ಕರೆಂಟ್ ಬೆರೆಯದಂತೆ ತಡೆಯುವ ಸಾಧನ) ಹಾಕಿಸಿ. ಇದನ್ನು ಬಿಟ್ಟು ಎಂಥಾ ಒಳ್ಳೇ ಬೋರ್ಡ್ ತಂದರೂ ಅದೂ ಹೋಗುತ್ತದೆ.

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಈಗ ರೈಜನ್ 5 5600ಜಿ, ಮುಂದೆ ಗ್ರಾಫಿಕ್ಸ್ ಕಾರ್ಡ್. ಎ520 ಬೋರ್ಡ್ ಬಿಟ್ಟು ಬಿ550 ತಗೊಂಡರೆ ಜೆನ್ 4 ಎಸ್‌ಎಸ್‌ಡಿ ಪೂರ್ತಿ ವೇಗದಲ್ಲಿ ಓಡುತ್ತದಾ? ಗೆಳೆಯರು ಎಎಂ5 ತಗೋ ಅಂತಾರೆ.
— ವಿದ್ಯಾರ್ಥಿ, ಗೋಕಾಕ

ಉತ್ತರ: ಓಡುವುದಿಲ್ಲ. 5600ಜಿ ಪ್ರೊಸೆಸರೇ ಜೆನ್ 3. ಬೋರ್ಡ್ ಜೆನ್ 4 ಅಂತ ಬರೆದುಕೊಂಡರೂ ಎಸ್‌ಎಸ್‌ಡಿ, ಗ್ರಾಫಿಕ್ಸ್ ಎರಡೂ ಜೆನ್ 3ಕ್ಕೆ ಇಳಿಯುತ್ತವೆ. ಸ್ಲಾಟಿನ ವೇಗ ನೋಡುವಾಗ ಬೋರ್ಡ್, ಪ್ರೊಸೆಸರ್ ಎರಡನ್ನೂ ಒಟ್ಟಿಗೆ ನೋಡಬೇಕು ಅನ್ನುವುದು ಇದಕ್ಕೇ. ಮುಂದೆ 5700ಎಕ್ಸ್‌ನಂಥ ಪ್ರೊಸೆಸರ್ ಹಾಕುವ ಮನಸ್ಸಿದ್ದರೆ ಬಿ550ಗೆ ಕೊಟ್ಟ ದುಡ್ಡು ಆಗ ಕೈಗೂಡುತ್ತದೆ. ಆದರೆ ನೆನಪಿಡಿ, 5700ಎಕ್ಸ್‌ಗೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ಎಚ್‌ಡಿಎಂಐ ಆಗ ಕೆಲಸ ಮಾಡುವುದಿಲ್ಲ.

ಎಎಂ5, ಅಂದರೆ ಎಎಂಡಿಯ ಹೊಸ ಪ್ರೊಸೆಸರುಗಳು ಕೂರುವ ಸಾಕೆಟ್, ಬಂದದ್ದು 2022ರಲ್ಲಿ. ಡಿಡಿಆರ್5 ಮಾತ್ರ. 2027ರ ತನಕ ಮತ್ತು ಮುಂದೆಯೂ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ಹಾಗಾಗಿ ಗೆಳೆಯರ ಮಾತಲ್ಲಿ ತೂಕ ಇದೆ. ಅಲ್ಲೂ ಒಂದು ಕಡೆ ಕಾಲು ಜಾರಬಹುದು. 8500ಜಿ ಅನ್ನುವ ಪ್ರೊಸೆಸರ್ ಅಗ್ಗ ಅಂತ ತಗೊಂಡರೆ ಗ್ರಾಫಿಕ್ಸ್ ಸ್ಲಾಟಿಗೆ ಸಿಗುವುದು 4 ಲೇನ್. ಸ್ಲಾಟ್ ಉದ್ದ 16ರದ್ದೇ ಕಾಣುತ್ತದೆ. 8600ಜಿಗೆ 8 ಲೇನ್, 7600ಗೆ ಪೂರ್ತಿ 16. ಮುಂದೆ ಕಾರ್ಡ್ ಹಾಕುವುದು ಖಂಡಿತ ಅಂದರೆ 7600 ತಗೊಳ್ಳಿ. ಅದರಲ್ಲಿ ಚಿಕ್ಕ ಗ್ರಾಫಿಕ್ಸ್ ಇದೆ, ಕಾರ್ಡ್ ಬರುವ ತನಕ ಪರದೆಗೆ ತೊಂದರೆಯಿಲ್ಲ.

ಅಂದಹಾಗೆ, ಬೋರ್ಡಿನ ಎರಡನೇ ಉದ್ದ ಸ್ಲಾಟಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಚಿನ್ನದ ಬಣ್ಣದ ಹಲ್ಲುಗಳು ಒಂದು ತುದಿಯಲ್ಲಷ್ಟೇ ಇದ್ದು, ಉಳಿದದ್ದು ಖಾಲಿ ಪ್ಲಾಸ್ಟಿಕ್ ಇದ್ದರೆ ಅದು ನಿಜವಾದ 16 ಲೇನ್ ಅಲ್ಲ.

ಪ್ರಶ್ನೆ: ಶಾಲೆಯ ಪಿಸಿ ಐ3 ಮೂರನೇ ತಲೆಮಾರಿನದು, ಎಚ್61 ಬೋರ್ಡ್. ಬಹಳ ನಿಧಾನ. ಎನ್‌ವಿಎಂಇ ಹಾಕಬಹುದಾ?
— ಶಿಕ್ಷಕರು, ಜಮಖಂಡಿ

ಉತ್ತರ: ಬೇಡ ಸರ್. ಅಡಾಪ್ಟರ್ ಹಾಕಿ ಕೂರಿಸಬಹುದು, ಆದರೆ ಆ ಕಾಲದ ಬಯೋಸ್ (ಪಿಸಿ ಶುರು ಮಾಡುವ ಬೋರ್ಡಿನ ಪ್ರೋಗ್ರಾಂ) ಅದರಿಂದ ಬೂಟ್ ಆಗುವುದಿಲ್ಲ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಗೊಳ್ಳಿ. ಎಚ್61ರ ಸಾಟಾ 3 ಜಿಬಿಪಿಎಸ್, ಅಂದರೆ ಎಸ್‌ಎಸ್‌ಡಿಯ ಅರ್ಧ ವೇಗ. ಆದರೂ ಹಾರ್ಡ್‌ಡಿಸ್ಕಿನಿಂದ ಬಂದವರಿಗೆ ಹೊಸ ಪಿಸಿ ಅನ್ನಿಸುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು, ವಿಂಡೋಸ್ 11 ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ಮಕ್ಕಳ ಕಲಿಕೆಗೆ ಲಿನಕ್ಸ್ ಹಾಕಿಸಿ. ಇದಕ್ಕಿಂತ ಜಾಸ್ತಿ ಖರ್ಚು ಈ ಬೋರ್ಡಿಗೆ ಮಾಡಬೇಡಿ.

ಪ್ರಶ್ನೆ: ಒಣದ್ರಾಕ್ಷಿ ವ್ಯಾಪಾರ ನಮ್ಮದು. ಬಿಲ್ಲಿಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಅಗಲದ ಹಳೇ ಪೋರ್ಟಿನದು. ಹೊಸ ಬೋರ್ಡಿನಲ್ಲಿ ಅದಿಲ್ಲ.
— ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಬಿಲ್ಲಿಂಗ್ ಸಾಫ್ಟ್‌ವೇರ್ ವಿಂಡೋಸಿನದಾದರೆ ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬರುವ ಕೇಬಲ್ ಸಾಕು. ನೇರವಾಗಿ ಎಲ್‌ಪಿಟಿ1ಕ್ಕೆ (ಆ ಅಗಲದ ಪ್ಯಾರಲಲ್ ಪೋರ್ಟಿನ ಹೆಸರು) ಕಳಿಸುವ ಸಾಫ್ಟ್‌ವೇರ್ ಆದರೆ ಎಲ್‌ಪಿಟಿ ಹೆಡರ್ ಇರುವ ಬೋರ್ಡ್ ಅಥವಾ ಪಿಸಿಐಇ ಪ್ಯಾರಲಲ್ ಕಾರ್ಡ್ ಬೇಕು. ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ ಆದರೆ ಯಾವ ಪೋರ್ಟ್ ತಂದರೂ ಆಗದು. 64 ಬಿಟ್ ವಿಂಡೋಸ್ ಅದನ್ನು ಓಡಿಸುವುದೇ ಇಲ್ಲ. ಮೊದಲು ಸಾಫ್ಟ್‌ವೇರ್ ಯಾವ ಕಾಲದ್ದು ಅಂತ ತಿಳಿದುಕೊಂಡು ಆಮೇಲೆ ಬೋರ್ಡ್ ಮಾತಾಡಿ.

ಪ್ರಶ್ನೆ: ಅಕ್ಕಾ, ಬಿಸಿಎ ಎರಡನೇ ವರ್ಷ. ಕ್ಯಾಬಿನೆಟ್ ನಾನೇ ಬದಲಿಸುತ್ತಿದ್ದೇನೆ. ಪವರ್ ಬಟನ್ನಿನ ಸಣ್ಣ ಸಣ್ಣ ತಂತಿಗಳು ಉಲ್ಟಾ ಆದರೆ ಬೋರ್ಡ್ ಸುಡುತ್ತದಾ? ಅಪ್ಪ ಮುಟ್ಟಲೇಬೇಡ ಅಂತಿದ್ದಾರೆ.
— ವಿಜಯಪುರ

ಉತ್ತರ: ಸುಡುವುದಿಲ್ಲ ಪುಟ್ಟಾ, ಧೈರ್ಯವಾಗಿ ಮಾಡು. ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಟಾರ್ಚ್ ಹಿಡಿಯೋಕೆ ಹೇಳು. ಮೊದಲು ಮೇನ್ಸ್ ಸ್ವಿಚ್ ಬಂದ್ ಮಾಡಿ ಕೇಬಲ್ ತೆಗೆದುಬಿಡು. ಪವರ್ ಮತ್ತು ರಿಸೆಟ್ ಬರೀ ಬಟನ್ನುಗಳು, ಅವಕ್ಕೆ ಪ್ಲಸ್ ಮೈನಸ್ ಇಲ್ಲ. ಹೇಗೆ ಹಾಕಿದರೂ ನಡೆಯುತ್ತದೆ. ಎಲ್‌ಇಡಿ ತಂತಿಗಳಿಗೆ ಮಾತ್ರ ಇದೆ. ಉಲ್ಟಾ ಆದರೆ ದೀಪ ಹತ್ತುವುದಿಲ್ಲ ಅಷ್ಟೆ, ತಿರುಗಿಸಿ ಹಾಕು. ಯಾವ ಪಿನ್ ಯಾವುದಕ್ಕೆ ಅನ್ನುವ ಚಿತ್ರ ಮ್ಯಾನ್ಯುಯಲ್‌ನಲ್ಲಿ ‘ಫ್ರಂಟ್ ಪ್ಯಾನೆಲ್’ ಹೆಸರಿನಲ್ಲಿ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಈ ತಂತಿಗಳನ್ನು ಹಾಕಿ ಮುಗಿಸಿದ ಮೇಲೆ ಅದನ್ನು ಕೂರಿಸು, ಆಮೇಲೆ ಬೆರಳು ಹೋಗುವಷ್ಟು ಜಾಗ ಉಳಿಯುವುದಿಲ್ಲ. ಬಣ್ಣದ ಲೈಟಿನ ಪಟ್ಟಿ ಹಾಕುವ ಆಸೆ ಇದ್ದರೆ ಅಲ್ಲಿ ಹುಷಾರು: 4 ಪಿನ್ನಿನದು 12 ವೋಲ್ಟ್, 3 ಪಿನ್ನಿನದು 5 ವೋಲ್ಟ್. 5 ವೋಲ್ಟಿನ ಪಟ್ಟಿಯನ್ನು 12ಕ್ಕೆ ಹಾಕಿದರೆ ಅದು ನಿಜವಾಗಿಯೂ ಸುಡುತ್ತದೆ.